ಸ್ಪಿತಿಯ ಐಸ್‌ಗೆ ಶಹಾಪುರದ ಕಲ್ಲಿನ ತಾಲೀಮು

ಐಸ್ ಕ್ಲೈಂಬಿಂಗ್ ಅಂದರೆ ಹೆಪ್ಪುಗಟ್ಟಿದ ಜಲಪಾತ ಹತ್ತುವುದು. ಎರಡೂ ಕೈಯಲ್ಲಿ ಬಾಗಿದ ಹಿಡಿಕೆಯ ಐಸ್ ಆಕ್ಸ್, ಬೂಟಿನ ಕೆಳಗೆ ಕ್ರಾಂಪಾನ್. ಕ್ರಾಂಪಾನ್‌ನ ಎರಡು ಉಕ್ಕಿನ ಹಲ್ಲು ಬೂಟಿನ ತುದಿಯಿಂದ ಮುಂದಕ್ಕೆ ಚಾಚಿರುತ್ತವೆ, ಅವನ್ನೇ ಐಸ್‌ಗೆ ಒದ್ದು ನಿಲ್ಲಬೇಕು. ಹಿಮಾಚಲದ ಸ್ಪಿತಿ, ಲಡಾಖ್ ಕಡೆ ಜನವರಿಯಲ್ಲಿ ಇದು ನಡೆಯುತ್ತದೆ. ಕಲಬುರಗಿಯವರಿಗೂ ಇದಕ್ಕೂ ಎಲ್ಲಿಯ ಸಂಬಂಧ ಅಲ್ವಾ? ಸಂಬಂಧ ಹಚ್ಚಿದವನು ನಮ್ಮ ಅಳಿಯ, ಅಂದರೆ ಅಕ್ಕನ ಮಗ. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಮುಗಿಸಿ ಬಂದಾಗಿನಿಂದ ಅವನಿಗೆ ಐಸ್ ಬಿಟ್ಟರೆ ಬೇರೆ ಮಾತಿಲ್ಲ.

ಜನವರಿಯಲ್ಲಿ ಸ್ಪಿತಿಗೆ ಹೋಗುವವನು, ಅದಕ್ಕೂ ಮುಂಚೆ ರಜೆ ಹಾಕಿ ಮನೆಗೆ ಬಂದಿದ್ದ. ಚೀಲದಲ್ಲಿ ಬಟ್ಟೆಗಿಂತ ಕಬ್ಬಿಣವೇ ಜಾಸ್ತಿ. ತಾಲೀಮಿಗೆ ಜಾಗ ಬೇಕು ಮಾಮಾ ಅಂದ. ಐಸ್ ಇಲ್ಲದ ಊರಿನವರು ಒಣ ಕಲ್ಲಿನ ಮೇಲೇ ಆಕ್ಸ್ ಸಿಕ್ಕಿಸಿ ಹತ್ತುತ್ತಾರಂತೆ, ಅದಕ್ಕೆ ಡ್ರೈ ಟೂಲಿಂಗ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಕ್ಲೈಂಬಿಂಗ್ ಗೋಡೆಗಳಿವೆ, ಆದರೆ ಅಲ್ಲಿ ಆಕ್ಸ್ ಬೀಸಿದರೆ ಕೈ ಹಿಡಿದು ಹೊರಗೆ ಹಾಕುತ್ತಾರೆ. ಒಳ್ಳೆಯ ಬೆಟ್ಟದ ಬಂಡೆಗೂ ಆಕ್ಸ್ ಹಚ್ಚಬಾರದು, ಗೀರು ಬಿದ್ದರೆ ಹೋಗುವುದಿಲ್ಲ. ಹಾಗಾಗಿ ಕೆಲಸ ನಿಂತುಹೋದ ಹಳೇ ಕಲ್ಲಿನ ಗಣಿಯೇ ಬೇಕು. ನಮ್ಮ ಜಿಲ್ಲೆಯಲ್ಲಿ ಹಳೇ ಗಣಿಗೇನು ಕಮ್ಮಿ? ನಡಿ ನೋಡೋಣ ಅಂದೆ.

ಮೊದಲ ದಿನ: ಶಹಾಬಾದ್

ಈ ಸಲ ಚಳಿ ಜೋರಿತ್ತು. ಬೀದರದಲ್ಲಿ ಉಷ್ಣಾಂಶ ಒಂದಂಕಿಗೆ ಇಳಿದಿತ್ತು, ಕಲಬುರಗಿಯಲ್ಲೂ ಬೆಳಗಿನ ಹೊತ್ತು ಆಟೋದವರು ಕಿವಿ ತುಂಬ ಮಫ್ಲರ್ ಸುತ್ತಿ ಟೈರು ಸುಟ್ಟು ಬೆಂಕಿ ಕಾಯಿಸುತ್ತಿದ್ದರು. ಮೇ ತಿಂಗಳಲ್ಲಿ 43, 44 ಡಿಗ್ರಿ ತಿಂದು ಬದುಕುವ ಜನ ನಾವು, ಹತ್ತು ಡಿಗ್ರಿಗೆ ಬಂದರೆ ಊರೇ ಮುದುಡಿಕೊಳ್ಳುತ್ತದೆ. ಅಳಿಯ ಮಾತ್ರ ಟೀ ಶರ್ಟ್ ಮೇಲೆ ಒಂದು ತೆಳು ಜಾಕೆಟ್ ಹಾಕಿಕೊಂಡು, ಸ್ಪಿತಿಯ ಕಾಜಾದಲ್ಲಿ ಮೈನಸ್ ಇಪ್ಪತ್ತು ಇರುತ್ತೆ ಮಾಮಾ, ನಲ್ಲಿಯೇ ಒಡೆದು ಹೋಗುತ್ತೆ ಅಂತ ಹೇಳಿ ನನ್ನ ಸ್ವೆಟರ್ ನೋಡಿ ನಗುತ್ತಿದ್ದ.

ಶಹಾಬಾದ್ ಹತ್ತಿರವೇ ಇದೆ, ಒಂದು ತಾಸು ಬೇಡ. ರಸ್ತೆ ಬದಿ ಉದ್ದಕ್ಕೂ ಫರಸಿ ಕಲ್ಲಿನ ಪಾಲಿಶ್ ಶೆಡ್‌ಗಳು, ಕಂಪೌಂಡೂ ಕಲ್ಲೇ, ದನದ ಕೊಟ್ಟಿಗೆಯ ಗೋಡೆಯೂ ಕಲ್ಲೇ. ಪಾಳು ಬಿದ್ದ ಗಣಿ ಹುಡುಕುವುದು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಕಲ್ಲು. ಇದು ಸುಣ್ಣದ ಕಲ್ಲು, ಪುಸ್ತಕದ ಹಾಳೆಯಂತೆ ಪದರ ಪದರವಾಗಿ ಅಡ್ಡ ಕೂತಿದೆ. ಅದಕ್ಕೇ ಅದು ಅಷ್ಟು ಚಂದದ ಚಪ್ಪಡಿಯಾಗಿ ಏಳುತ್ತದೆ, ನಮ್ಮ ಕಡೆಯ ಅರ್ಧ ಮನೆಗಳ ನೆಲ ಅದೇ. ಆದರೆ ಹತ್ತುವವನಿಗೆ ಅದೇ ಪದರ ಯಮ. ಅಳಿಯ ಕೆಳಗೇ ನಿಂತು ಸಂದಿಗೆ ಆಕ್ಸ್ ಸಿಕ್ಕಿಸಿ ಮೈಭಾರ ಹಾಕಿದ, ಒಂದು ಚಪ್ಪಡಿ ಸರಕ್ ಅಂತ ಹೊರಗೆ ಬಂದು ಅವನ ಬೂಟಿನ ಪಕ್ಕಕ್ಕೆ ಬಿತ್ತು. ಮೇಲಿನ ಅಂಚಿನಲ್ಲಿ ಹಗ್ಗ ಕಟ್ಟುವಂಥ ಗಟ್ಟಿ ಕಲ್ಲೂ ಇಲ್ಲ. ಅರ್ಧ ಗಣಿಯಲ್ಲಿ ಹಸಿರು ನೀರು ನಿಂತಿತ್ತು. ಇಂಥ ನೀರನ್ನು ನಂಬಬೇಡಿ, ದಂಡೆಯಿಂದ ಒಂದು ಹೆಜ್ಜೆಗೇ ಆಳ ಶುರುವಾಗಿರುತ್ತದೆ.

ಹತ್ತಿರದಲ್ಲಿ ಟ್ರ್ಯಾಕ್ಟರಿಗೆ ಫರಸಿ ಹೇರುತ್ತಿದ್ದ ಒಬ್ಬರು ನಮ್ಮ ಅವತಾರ ನೋಡಿಕೊಂಡು ಬಂದರು.

"ಏನ್ ಸರ್ವೇದವ್ರೇನ್ರಿ?"

ಅಲ್ಲ, ಹತ್ತಲಿಕ್ಕೆ ಬಂದಿದ್ದೀವಿ ಅಂತ ಅಳಿಯ ಹೇಳಿದ. ಅವರು ಒಂದು ಗಳಿಗೆ ಸುಮ್ಮನೆ ನಿಂತರು. "ಇದು ಏಳೋ ಕಲ್ಲು ಅದ ತಮ್ಮಾ, ಹತ್ತೋ ಕಲ್ಲಲ್ಲ. ಗಟ್ಟಿ ಕಲ್ಲು ಬೇಕಂದ್ರ ಭೀಮಾ ದಾಟ್ರಿ."

ಈ ಒಂದು ಮಾತಿಗೆ ಅವತ್ತಿನ ಪೆಟ್ರೋಲ್ ವಸೂಲಾಯಿತು ಅನ್ನಿ. ಯೋಚಿಸಿದರೆ ನಮ್ಮ ಸೀಮೆಯ ನೆಲವೇ ವಿಚಿತ್ರ. ಬೀದರದಲ್ಲಿ ಕೆಂಪು ಜಂಬಿಟ್ಟಿಗೆ, ಕಲಬುರಗಿ ಸುತ್ತ ಜ್ವಾಲಾಮುಖಿಯ ಲಾವಾ ಆರಿ ಆದ ಕರಿಗಲ್ಲು, ಶಹಾಬಾದ್ ವಾಡಿಯಲ್ಲಿ ಸುಣ್ಣದ ಕಲ್ಲು, ಅಲ್ಲಿಂದ ದಕ್ಷಿಣಕ್ಕೆ ಯಾದಗಿರಿ, ಶಹಾಪುರ, ಸುರಪುರ ಅಂತ ಹೋದರೆ ಎರಡೂವರೆ ನೂರು ಕೋಟಿ ವರ್ಷದಷ್ಟು ಹಳೆಯ ಗ್ರಾನೈಟ್. ಒಂದೇ ದಿನ ಕಾರು ಓಡಿಸಿದರೆ ನಾಲ್ಕೂ ನೋಡಬಹುದು.

ವಾಪಸ್ ಬರುವಾಗ ಬಿಸಿ ಮಿರ್ಚಿ ಭಜಿ, ಸುಸಲಾ ತಿಂದೆವು. ಸುಸಲಾ ಚಳಿಗಾಲದಲ್ಲಿ ಬಾಣಲೆಯಿಂದ ನೇರ ಬಂದರೆ ಮಾತ್ರ ರುಚಿ, ತಣ್ಣಗಾದರೆ ಒದ್ದೆ ಚುರುಮುರಿ ಅಷ್ಟೇ.

ಎರಡನೇ ದಿನ: ಭೀಮಾ ದಾಟಿ ಶಹಾಪುರ

ಐದೂವರೆಗೆ ಹೊರಟೆವು. ಕಟ್ಟಿಸಂಗಾವಿ ಸೇತುವೆ ಹತ್ತಿರ ಭೀಮಾ ಕಾಣಲೇ ಇಲ್ಲ, ಮಂಜು ಅಷ್ಟು ದಟ್ಟ. ಎದುರಿನ ಲಾರಿಯ ದೀಪ ಮೂಗಿನ ಮುಂದೆ ಬಂದಾಗ ಗೊತ್ತಾಗುತ್ತಿತ್ತು. ಈ ರಸ್ತೆಯಲ್ಲಿ ಈ ದಿನಗಳಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರ್‌ಗಳು ಹಿಂದಿನ ದೀಪವೇ ಇಲ್ಲದೆ ಹೋಗುತ್ತಿರುತ್ತವೆ, ಹತ್ತಿಯ ಹೊರೆ ಎರಡೂ ಕಡೆ ರಸ್ತೆಗೆ ಚಾಚಿರುತ್ತದೆ. ಮಂಜು ಹರಿಯುವ ತನಕ ಜೇವರ್ಗಿಯಲ್ಲಿ ನಿಂತು ಚಹಾ ಕುಡಿದು ಹೋಗುವುದೇ ಜಾಣತನ. ನಾವು ಅದನ್ನೇ ಮಾಡಿದೆವು. ಇಡ್ಲಿ ವಡೆ ಚೆನ್ನಾಗಿರಲಿಲ್ಲ, ಚಹಾ ಚೆನ್ನಾಗಿತ್ತು.

ಜೇವರ್ಗಿ ದಾಟಿದ ಮೇಲೆ ಬಿಸಿಲು ಬಿತ್ತು. ಎರಡೂ ಕಡೆ ತೊಗರಿ, ಕೆಲವು ಕಡೆ ಕೊಯ್ದು ಒಟ್ಟಿದ್ದರು, ಕೆಲವು ಕಡೆ ರಸ್ತೆಯ ಮೇಲೇ ಹರವಿದ್ದರು, ಬರುವ ಹೋಗುವ ಗಾಡಿಗಳೇ ರಾಶಿ ಮಾಡಿಕೊಡಲಿ ಅಂತ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಬಂದಿದೆ, ಆದರೆ ರಾಶಿ ಮಾಡಲು ಡಾಂಬರು ರಸ್ತೆಯೇ ಗತಿ.

ಶಹಾಪುರ ಹತ್ತಿರ ಬಂದಂತೆ ಬಯಲು ಸೀಮೆ ಒಮ್ಮೆಗೇ ಮುಗಿದು ಬಂಡೆಗಳು ಶುರುವಾಗುತ್ತವೆ. ದೂರದಿಂದ ನೋಡಿದರೆ ನಾಲ್ಕು ಗುಡ್ಡ ಸೇರಿ ಒಬ್ಬ ಮನುಷ್ಯ ಮಲಗಿದ ಹಾಗೆ ಕಾಣುತ್ತದಲ್ಲ, ಅದೇ ಮಲಗಿದ ಬುದ್ಧನ ಬೆಟ್ಟ. ಹಣೆ, ಮೂಗು, ಗದ್ದ, ಎದೆ ಎಲ್ಲ ಸರಿಯಾಗಿ ಕೂರುವ ಒಂದು ಜಾಗ ರಸ್ತೆಯಲ್ಲೇ ಇದೆ. ಸ್ವಲ್ಪ ಮುಂದೆ ಹೋದರೆ ಗುಡ್ಡಗಳು ಬಿಡಿ ಬಿಡಿಯಾಗಿ ಬುದ್ಧ ಮಾಯ. ಅಳಿಯ ಕಾರು ನಿಲ್ಲಿಸಿ ಅಂದ. ಫೋಟೋಗೆ ಅಂದುಕೊಂಡೆ, ಅವನು ಬುದ್ಧನ ಮುಖ ಬಿಟ್ಟು ಪಕ್ಕದ ಬಂಡೆಗಳಲ್ಲಿ ಬಿರುಕು ಎಲ್ಲಿದೆ ಅಂತ ನೋಡುತ್ತಿದ್ದ.

ಶಹಾಪುರದಲ್ಲಿ ನನ್ನ ಹಳೇ ಗೆಳೆಯ ಒಬ್ಬ ಇದ್ದಾನೆ, ಹೈಸ್ಕೂಲ್ ಮಾಸ್ತರ. ಅವನೂ ಜೊತೆಯಾದ. ಊರ ಹೊರಗಿನ ಒಂದು ಗುಡ್ಡಕ್ಕೆ ಹೋದೆವು. ಇಲ್ಲಿ ಆಕ್ಸ್ ಚೀಲದಿಂದ ಹೊರಗೆ ಬರಲಿಲ್ಲ, ಬರೀ ಕೈಕಾಲಿನ ಕ್ಲೈಂಬಿಂಗ್. ಚಳಿಗಾಲದ ಗುಟ್ಟು ನನಗೆ ಇಲ್ಲಿ ಗೊತ್ತಾಯಿತು. ತಣ್ಣಗಿನ ಗ್ರಾನೈಟ್ ಹಿಡಿತ ಬಿಡುವುದಿಲ್ಲ, ಬೆರಳು ಬೆವರುವುದಿಲ್ಲ, ರಬ್ಬರ್ ಶೂ ಅಂಟಿಕೊಂಡು ನಿಲ್ಲುತ್ತದೆ. ಹನ್ನೊಂದು ಗಂಟೆ ಆದ ಮೇಲೆ ಅದೇ ಬಂಡೆ ಜಾರುತ್ತದೆ. ಮಾರ್ಚ್ ನಂತರ ಈ ಕಡೆ ಬಂಡೆ ಮುಟ್ಟುವ ಮಾತೇ ಇಲ್ಲ. ನವೆಂಬರ್‌ನಿಂದ ಜನವರಿ ಕೊನೆ, ಅದೂ ಬೆಳಿಗ್ಗೆ ಎಂಟರೊಳಗೆ ಬುಡದಲ್ಲಿರಬೇಕು.

ಒಂದು ದೊಡ್ಡ ಬಂಡೆಯ ನೆರಳಿನ ಮುಖ ನೋಡಿ ಅಳಿಯನ ಕಣ್ಣು ಅರಳಿತು. ಹಗ್ಗ ಬಿಚ್ಚುತ್ತಿದ್ದ. ಮಾಸ್ತರ ಅವನ ಭುಜ ಹಿಡಿದು ಮೇಲೆ ತೋರಿಸಿದ. ಚಾಚಿದ ಕಲ್ಲಿನ ಕೆಳಗೆ ಮೂರು ಹೆಜ್ಜೇನು ತಟ್ಟಿ, ಒಂದೊಂದೂ ಮೊರದಗಲ. ನಾವು ಮಾತು ನಿಲ್ಲಿಸಿ, ಹಗ್ಗ ಮಡಚದೆ ಹಾಗೇ ಬಾಚಿಕೊಂಡು ಹಿಂದಕ್ಕೆ ಬಂದೆವು. ನಮ್ಮ ಕಡೆಯ ಬಂಡೆಗಳಲ್ಲಿ ಹಾವಿಗಿಂತ ಇದಕ್ಕೇ ಹೆದರಬೇಕು. ಹಗ್ಗದ ಮೇಲೆ ನೇತಾಡುವಾಗ ಜೇನು ಎದ್ದರೆ ಓಡಲಿಕ್ಕೆ ಜಾಗ ಎಲ್ಲಿದೆ? ಬುಡದಲ್ಲಿ ನಿಂತು ಐದು ನಿಮಿಷ ಮೇಲೆ ನೋಡಿ, ಕಲ್ಲಿನ ಮೇಲೆ ಕಪ್ಪು ಕಲೆ ಇದ್ದ ಕಡೆ ಹಳೇ ತಟ್ಟಿ ಇತ್ತು ಅಂತ ಅರ್ಥ, ಮತ್ತೆ ಅಲ್ಲೇ ಕಟ್ಟುತ್ತವೆ. ಸೆಂಟು, ಸಿಗರೇಟು ಎರಡೂ ಬೇಡ.

ಕಾರಿಗೆ ಬಂದರೆ ಹಿಂದಿನ ಟೈರು ನೆಲ ಕಚ್ಚಿತ್ತು. ಬಳ್ಳಾರಿ ಜಾಲಿಯ ಮುಳ್ಳು. ಸ್ಟೆಪ್ನಿ ಹಾಕಿ ಊರಿಗೆ ಬಂದರೆ ಪಂಕ್ಚರ್ ಅಂಗಡಿಯ ಹುಡುಗ ಮುಳ್ಳು ಕಿತ್ತು ಕೈಗೆ ಕೊಟ್ಟ. ಎರಡಿಂಚು ಇತ್ತು. ಅವನೇ ಕೇಳಿದ, ನೀವು ಬಂಡಿ ಹತ್ತೋರಾ, ಸುರಪುರ ರೋಡಿಗೆ ಒಳಗ ಒಂದು ಹಳೇ ಕಲ್ಲಿನ ಖಣಿ ಅದ, ನಮ್ಮ ಕಾಕಾರ ಹೊಲದ ಬಾಜೂಕ, ಹೋಗ್ತೀರೇನು ಅಂತ. ಹುಡುಕಿದ್ದು ನಾವು, ಸಿಕ್ಕಿದ್ದು ಜಾಲಿಮುಳ್ಳಿನ ಕೃಪೆಯಿಂದ. ಹುಡುಗ ಅಲ್ಲೇ ಕಾಕಾರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. "ನಾಳೆ ಎಳ್ಳ ಅಮಾಸಿ, ಚರಗಾ ಚೆಲ್ಲಾಕ ಎಲ್ಲರೂ ಹೊಲದಾಗೇ ಇರ್ತೀವಿ, ಬರ್ರಿ" ಅಂದರು. ಚರಗ ಅಂದರೆ ಹಬ್ಬದ ಅಡಿಗೆಯನ್ನು ನೈವೇದ್ಯವಾಗಿ ಹೊಲಕ್ಕೆ ಚೆಲ್ಲುವುದು.

ರಾತ್ರಿ ಮಾಸ್ತರನ ಮನೆ. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಊಟ ಆದ ಮೇಲೆ ಎರಡೆರಡು ಕೌದಿ ಹೊದ್ದುಕೊಂಡು ಕೂತೆವು, ಮಾಸ್ತರನ ಮಕ್ಕಳು ಅಳಿಯನನ್ನು ಬಿಡಲಿಲ್ಲ. ಜಲಪಾತ ಹೆಂಗ ಗಡ್ಡಿ ಕಟ್ಟತದ, ಒಮ್ಮೆಗೇ ನಿಂತುಬಿಡ್ತದೇನು ಅಂತ ಸಣ್ಣವಳು ಕೇಳಿದಳು. ಒಮ್ಮೆಗೇ ನಿಲ್ಲುವುದಿಲ್ಲ, ಬಂಡೆಯಿಂದ ಜಿನುಗುವ ನೀರು ಪದರದ ಮೇಲೆ ಪದರ ಕಟ್ಟುತ್ತ ಹೋಗುತ್ತದೆ, ಬಿಸಿಲು ಬೀಳದ ಕೊರಕಲಿನಲ್ಲಿ ಮಾತ್ರ ಅದು ಗಟ್ಟಿಯಾಗಿ ಉಳಿಯುತ್ತದೆ, ಒಳಗೆ ಕೆಲವೊಮ್ಮೆ ನೀರು ಹರಿಯುತ್ತಲೇ ಇರುತ್ತದೆ ಅಂತ ಅವನು ಹೇಳಿದ. ಚಳಿ ಹೆಚ್ಚಾದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ ನಾನು. ಹಾಗಲ್ಲವಂತೆ. ತೀರಾ ಕೊರೆದರೆ ಐಸ್ ಪೆಡಸಾಗಿ, ಆಕ್ಸ್ ಬಿದ್ದ ಕಡೆ ಊಟದ ತಟ್ಟೆಯಗಲ ಚಕ್ಕೆ ಎದ್ದು ಮುಖಕ್ಕೇ ಬರುತ್ತದಂತೆ. ಹಗ್ಗಕ್ಕೆ ಆಧಾರ ಬೇಕಲ್ಲ, ಅದಕ್ಕೆ ಕೊಳವೆಯಂಥ ಸ್ಕ್ರೂ ತಿರುಗಿಸಿ ಐಸ್ ಒಳಗೆ ಇಳಿಸುತ್ತಾರೆ. ಒಂದನ್ನು ಚೀಲದಿಂದ ತೆಗೆದು ತೋರಿಸಿದ. ಅದು ಮಕ್ಕಳ ಕೈಯಲ್ಲಿ ಓಡಾಡಿ ಬೆಳಿಗ್ಗೆ ತುಳಸಿ ಕಟ್ಟೆಯ ಮಣ್ಣಿನಲ್ಲಿ ಸಿಕ್ಕಿತು.

ಕೊನೆಯ ದಿನ: ಗಣಿ

ಊರಿನ ಹೆಸರು ಬರೆಯುವುದಿಲ್ಲ. ಹೊಲದವರೇ ಬೇಡ ಅಂದಿದ್ದಾರೆ, ನೀರು ನಿಂತ ಗಣಿಗೆ ಹುಡುಗರ ದಂಡು ಬರುವುದು ಅವರಿಗೆ ಬೇಡ. ಶಹಾಪುರದಿಂದ ಸುರಪುರದ ಕಡೆ ಹೋಗಿ, ಡಾಂಬರು ಬಿಟ್ಟು, ಎತ್ತಿನ ಬಂಡಿಯ ದಾರಿಯಲ್ಲಿ ಜೋಳದ ಹೊಲ ದಾಟಿದರೆ ಸಿಗುತ್ತದೆ ಅಂತ ಮಾತ್ರ ಹೇಳುತ್ತೇನೆ. ರಸ್ತೆಯಿಂದ ಏನೂ ಕಾಣುವುದಿಲ್ಲ. ಗುಡ್ಡದ ಬೆನ್ನು ಮಾತ್ರ ಕಾಣುತ್ತದೆ, ಅದರ ಹೊಟ್ಟೆ ಬಗೆದಿರುವುದು ಆ ಕಡೆ.

ಸುತ್ತಿ ಹೋಗಿ ನೋಡಿದಾಗ ಅಳಿಯ ಮಾತೇ ಆಡಲಿಲ್ಲ. ನಲವತ್ತು ಅಡಿಯಷ್ಟು ಎತ್ತರದ ನೇರ ಗೋಡೆ, ಉತ್ತರಕ್ಕೆ ಮುಖ, ಚಳಿಗಾಲದಲ್ಲಿ ದಿನವಿಡೀ ನೆರಳು. ಗೋಡೆಯ ತುಂಬ ಕಲ್ಲು ಸೀಳಲು ಬೆಣೆ ಹೊಡೆದ ಗುಳಿಗಳು, ಸಾಲಿಗೆ ಸಾಲು, ಗೇಣಿಗೊಂದು, ಬೆರಳುದ್ದ ಆಳ. ಆಕ್ಸ್‌ನ ಮೊನೆ ಕೂರಲು ಅಳತೆ ಕೊಟ್ಟು ಮಾಡಿಸಿದಂತಿತ್ತು. ಬೇರೆ ದೇಶಗಳಲ್ಲಿ ಡ್ರೈ ಟೂಲಿಂಗ್‌ಗೆ ಅಂತಲೇ ಡ್ರಿಲ್ ಹಾಕಿ ತೂತು ಮಾಡುತ್ತಾರಂತೆ. ಇಲ್ಲಿ ಯಾರೋ ಕೂಲಿಗೆ ಕೈಯಿಂದಲೇ ಕಡೆದು ಇಟ್ಟಿದ್ದಾರೆ.

ಯಾರೋ ಅಂದೆನಲ್ಲ, ಅವರಲ್ಲೊಬ್ಬರು ಅಲ್ಲೇ ಸಿಕ್ಕರು. ಎಳ್ಳ ಅಮಾವಾಸ್ಯೆ ಅಂತ ಹೊಲಕ್ಕೆ ಬಂದವರ ಜೊತೆ ಒಬ್ಬ ಮುತ್ಯಾ ಕೂತಿದ್ದರು. ವಯಸ್ಸಿನಲ್ಲಿದ್ದಾಗ ಇದೇ ಗಣಿಯಲ್ಲಿ ಕಲ್ಲು ಒಡೆದವರು. ಆಮೇಲೆ ಕಂಪ್ರೆಸರ್ ಬಂತು, ಆಮೇಲೆ ಗಣಿಯೇ ನಿಂತಿತು. ನಾವು ಹಗ್ಗ ಕಟ್ಟಲು ಮೇಲೆ ಹೊರಟಾಗ ಅವರೂ ಕೋಲೂರಿಕೊಂಡು ಬಂದರು. ಅಳಿಯ ಒಂದು ದೊಡ್ಡ ಕಲ್ಲಿಗೆ ಪಟ್ಟಿ ಸುತ್ತಲು ನೋಡಿದ.

"ಅದು ಬ್ಯಾಡ. ಅದರ ಕೆಳಗ ಮಣ್ಣದ." ಕೋಲಿನಿಂದ ಇನ್ನೊಂದನ್ನು ತೋರಿಸಿದರು. ಒಂದು ಕಲ್ಲು ತಗೊಂಡು ಅದರ ಮೇಲೆ ಕುಟ್ಟಿದರು. ಟಣ್ ಅಂತು. ಮೊದಲಿನದರ ಮೇಲೆ ಕುಟ್ಟಿದರು, ಬೊದ್ದ ದನಿ. "ಕೇಳಿದೇನು? ನುಡಿಯೋ ಕಲ್ಲು ನಂಬು, ಮೂಕ ಕಲ್ಲು ನಂಬಬ್ಯಾಡ."

ಅಳಿಯ ನಗುತ್ತ, ಐಸ್‌ನಲ್ಲಿ ಇದು ಉಲ್ಟಾ ಮುತ್ಯಾ ಅಂದ. ಆಕ್ಸ್ ಹೊಡೆದಾಗ ದಪ್ಪಗೆ ದಬ್ ಅಂತ ಕೂತರೆ ಒಳ್ಳೆಯ ಐಸ್, ಟಣಟಣ ಅಂದರೆ ಪೆಡಸು, ಇನ್ನೇನು ಒಡೆಯುತ್ತದೆ ಅಂತ. ಮುತ್ಯಾಗೆ ಇದು ಬಹಳ ಹಿಡಿಸಿತು. ನೀರು ಗಡ್ಡಿಯಾದ ಕಲ್ಲಿಗೂ ದನಿ ಅದ ಹಂಗಾರ ಅಂತ ಎರಡು ಸಲ ಅಂದುಕೊಂಡರು.

ಹಗ್ಗ ಗೋಡೆಯ ಅಂಚಿಗೆ ಉಜ್ಜುವ ಕಡೆ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಕಿದೆವು. ಒಡೆದ ಗ್ರಾನೈಟ್‌ನ ಅಂಚು ಚಾಕುವಿಗೆ ಸಮ, ಇದನ್ನು ಮರೆಯಬಾರದು. ಹೆಲ್ಮೆಟ್ ಹತ್ತುವವನಿಗೆ ಮಾತ್ರ ಅಲ್ಲ, ಕೆಳಗೆ ಹಗ್ಗ ಹಿಡಿದವನಿಗೆ ಇನ್ನೂ ಮುಖ್ಯ, ಯಾಕೆಂದರೆ ಆಕ್ಸ್ ಜಾರಿದರೆ ಬರುವುದು ಅವನ ಮೇಲೇ. ಅಳಿಯ ಹತ್ತಿದ್ದು ನೋಡುವ ಹಾಗಿತ್ತು. ಮೊನೆಯನ್ನು ಗುಳಿಗೆ ಇಟ್ಟು ಮೆಲ್ಲಗೆ ಕೆಳಕ್ಕೆ ಎಳೆಯುತ್ತಾನೆ, ಕೂತಿತು ಅನಿಸಿದ ಮೇಲೆ ಮೈಭಾರ, ಆಮೇಲೆ ಕಾಲಿನ ಉಕ್ಕಿನ ಹಲ್ಲು ಕರ್ ಅಂತ ಕಲ್ಲಿಗೆ. ಬೀಸುವುದೇ ಇಲ್ಲ. ಕಲ್ಲಿನ ಮೇಲೆ ಬೀಸಿದರೆ ಮೊನೆ ಹೋಗುತ್ತದೆ. ಹೊಲದ ಹೆಣ್ಣುಮಕ್ಕಳು ಬುಟ್ಟಿ ಇಳಿಸಿ ನಿಂತು ನೋಡಿದರು. ನಾನೂ ಹತ್ತಿದೆ. ಅರ್ಧಕ್ಕೆ ಹೋಗುವಷ್ಟರಲ್ಲಿ ಮುಂಗೈ ಉಬ್ಬಿ ಬೆರಳು ತೆರೆಯಲೇ ಇಲ್ಲ, ಇಳಿಸೋ ಮಾರಾಯಾ ಅಂತ ಕೂಗಿದೆ. ಕೆಳಗೆ ಎಲ್ಲರೂ ಚಪ್ಪಾಳೆ ತಟ್ಟಿದರು, ಯಾವುದಕ್ಕೋ ಗೊತ್ತಿಲ್ಲ.

ಅನಾಹುತ ಆಮೇಲೆ. ಅಳಿಯ ಮೇಲಿನ ಸಾಲಿನಲ್ಲಿದ್ದಾಗ ಒಂದು ಆಕ್ಸ್ ಗುಳಿಯಿಂದ ಹಾರಿ, ಗೋಡೆಗೆ ಬಡಿದು, ಬದಿಯ ನೀರಿಗೆ ಬಿತ್ತು. ಬುಳುಕ್. ಮುಳುಗೇ ಹೋಯಿತು. ಜೋಡಿಗೆ ಮೂವತ್ತು ನಲವತ್ತು ಸಾವಿರದ ಸಾಮಾನು, ಸ್ಪಿತಿ ಗಾಡಿ ಹತ್ತಲು ದಿನ ಉಳಿದಿಲ್ಲ. ಹುಡುಗರಿಬ್ಬರು ಅಂಗಿ ಬಿಚ್ಚಿದರು, ಕಾಕಾ ಬೈದು ಕೂರಿಸಿದರು. ಆಗ ಒಬ್ಬ ಆಯಿ, "ಪಾತಾಳ ಗರಡಿ ತರ್ರಿ" ಅಂದಳು. ನನಗೆ ನಗು ಬಂತು, ಆ ಸಾಮಾನು ನೋಡಿ ಎಷ್ಟು ವರ್ಷವಾಗಿತ್ತು! ಬಾವಿಗೆ ಬಿದ್ದ ಕೊಡ ಎತ್ತುವ ಆ ಕೊಕ್ಕೆಗಳ ಗೊಂಚಲು ಊರಲ್ಲಿ ಒಂದೇ ಒಂದು ಉಳಿದಿತ್ತಂತೆ, ಬೈಕಿನ ಮೇಲೆ ಹೋಗಿ ತಂದರು. ಆಯಿ ಬೇರೆಯವರ ಕೈಗೆ ಕೊಡಲಿಲ್ಲ. ತಾನೇ ಹಗ್ಗ ಬಿಟ್ಟು, ತಳ ಮುಟ್ಟಿಸಿ, ಕಣ್ಣು ಮುಚ್ಚಿ ಸಣ್ಣಗೆ ಎಳೆಯುತ್ತ ಹೋದಳು. ಮೊದಲು ಜಾಲಿ ಟೊಂಗೆ ಬಂತು, ಆಮೇಲೆ ಸೈಕಲ್ ಟೈರು, ಕೊನೆಗೆ ಆಕ್ಸ್. ನೀರು ಸೋರುವ ಆಕ್ಸನ್ನೂ ತನ್ನ ಗರಡಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ, "ನಿಂದಕ್ಕ ಕೊಕ್ಕಿ ಒಂದೇ ಅದಲ್ಲೋ" ಅಂದಳು.

ಊಟ ಮಾಡದೆ ಹೋಗಲು ಬಿಡಲಿಲ್ಲ, ಬಿಡಲಿ ಅಂತ ನಾವೂ ಅಂದುಕೊಂಡಿರಲಿಲ್ಲ. ಹೊಲದಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡಿ, ಚರಗ ಚೆಲ್ಲಿ ಬಂದ ಮೇಲೆ ಗಿಡದ ಕೆಳಗೆ ಪಂಕ್ತಿ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಅಂಬಲಿ, ಮತ್ತೆ ಈ ಹಬ್ಬದ ರಾಜ ಭಜ್ಜಿ. ಬೆಂಗಳೂರು ಕಡೆಯವರು ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದು ಅಂದುಕೊಳ್ಳುತ್ತಾರೆ. ಇದು ಹಸಿ ತೊಗರಿ, ಅವರೆ, ಬಟಾಣಿ, ಕಡಲೆ ಸೊಪ್ಪು, ಸಿಕ್ಕ ತರಕಾರಿ ಎಲ್ಲ ಹುಣಸೆ ಹುಳಿಯಲ್ಲಿ ಕುದಿಸಿ, ಕಡಲೆ ಹಿಟ್ಟು ಹಾಕಿ ಕಡೆದ ಪಲ್ಯ. ವರ್ಷಕ್ಕೆ ಒಮ್ಮೆ ಹೊಲದಲ್ಲಿ ಕೂತು ತಿಂದಾಗಲೇ ಅದರ ರುಚಿ. ಅಳಿಯ ಎಷ್ಟು ತಿಂದನೋ, ಮಧ್ಯಾಹ್ನ ಮತ್ತೆ ಹತ್ತಲು ಹೋಗಿ ಎರಡು ಸಾಲಿಗೇ ಇಳಿದ.

ಹೊರಡುವಾಗ ಮುತ್ಯಾ ಆಕ್ಸ್ ಕೈಗೆ ತಗೊಂಡು ಮೊನೆ ಬೆರಳಿಂದ ಸವರಿದರು. ಕಲ್ಲಿಗೆ ಉಜ್ಜಿ ಮೊಂಡಾಗಿತ್ತು.

"ಇದಕ್ಕ ಗ್ರೈಂಡರ್ ಹಚ್ಚಬ್ಯಾಡ. ಕಾಯ್ತಂದ್ರ ಹದ ಹೋಗ್ತದ. ಕೈಯಾಗಿನ ಅರ ಹಿಡಿ, ಒಂದ ಕಡಿ ತಿಕ್ಕು."

ಅಳಿಯ ಬೆರಗಾದ. ಆಕ್ಸ್ ಜೊತೆ ಬಂದ ಕಂಪನಿಯ ಕಾಗದದಲ್ಲೂ ಅದನ್ನೇ ಬರೆದಿದ್ದಾರಂತೆ. ಉಳಿ, ಚಾಣ ತಿದ್ದಿ ಬದುಕಿದವರಿಗೆ ಕಾಗದ ಯಾಕೆ ಬೇಕು? ಹೋಗುವ ಮುಂಚೆ ಮುತ್ಯಾ ಇನ್ನೊಂದು ಕೇಳಿದರು. ನೀವು ಗಡ್ಡಿಯೊಳಗ ಮಾಡಿದ ಗುಳಿ ಏನಾಗ್ತದ? ನೀರು ಜಿನುಗುತ್ತಿದ್ದರೆ ಕೆಲವೇ ದಿನದಲ್ಲಿ ಮುಚ್ಚಿಹೋಗುತ್ತದೆ ಅಂದ ಅಳಿಯ. "ಹಂಗಾರ ಬರೇ ದಂಡ ಕೆಲಸ ಬಿಡು" ಅಂತ ಮುತ್ಯಾ ನಕ್ಕರು.

ಕಲಬುರಗಿಗೆ ಬಂದು ಸೂಪರ್ ಮಾರ್ಕೆಟ್ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಅರ ಕೊಂಡೆವು. ಅಳಿಯ ಅಡಿಗೆಮನೆ ಬಾಗಿಲಲ್ಲೇ ಕೂತು ತಿಕ್ಕಲು ಶುರು ಮಾಡಿದ, ಕಬ್ಬಿಣದ ಪುಡಿ ಹಿಟ್ಟಿನ ಬುಟ್ಟಿಗೆ ಹಾರುತ್ತದೆ ಅಂತ ಅಕ್ಕ ಅವನನ್ನು ಅಂಗಳಕ್ಕೆ ಅಟ್ಟಿದಳು. ಎರಡು ದಿನ ಬಿಟ್ಟು ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದ. ಮೊನೆಗಳಿಗೆ ಗೋಣಿಚೀಲದ ತುಂಡು ಸುತ್ತಿದ್ದ, ಪಕ್ಕದಲ್ಲಿ ಅಕ್ಕ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು. ಮುಂದಿನ ಚಳಿಗೆ ಗಣಿಗೆ ಮತ್ತೆ ಹೋಗುವುದಿದೆ. ಕಾಕಾ ಆಗಲೇ ಹೇಳಿಬಿಟ್ಟಿದ್ದಾರೆ, ಅಮಾಸಿ ದಿನಾನೇ ಬರ್ರಿ, ಬ್ಯಾರೆ ದಿನ ಬಂದ್ರ ಭಜ್ಜಿ ಇರಂಗಿಲ್ಲ ಅಂತ.